ಫಿಟ್ಸ್ ಇರುವ ಮಗುವಿಗೆ ಸಿಬಿಡಿ ಎಣ್ಣೆ ಕೊಡಬಹುದೇ? ಅನುಭವವಿದ್ದವರು ತಿಳಿಸಿ

ಮದ್ದೂರಿನಿಂದ, ಪ್ರಶ್ನೆ

ನಮ್ಮ ಅಣ್ಣನ ಮಗಳಿಗೆ ಎಂಟು ವರ್ಷ, ತೂಕ 20 ಕಿಲೋ. ಲೆನಾಕ್ಸ್-ಗ್ಯಾಸ್ಟೋ ಎಂಬ ಕಠಿಣ ಬಗೆಯ ಮೂರ್ಛೆರೋಗವೆಂದು ವೈದ್ಯರು ಹೇಳಿದ್ದಾರೆ. ವ್ಯಾಲ್‌ಪ್ರೋಯೇಟ್, ಕ್ಲೋಬಜಾಮ್ ಎಂಬ ಎರಡು ಮಾತ್ರೆಗಳೂ ನಡೆಯುತ್ತಿದ್ದರೂ ನಿಂತಲ್ಲೇ ಕುಸಿದು ಬೀಳುವುದು ತಪ್ಪಿಲ್ಲ. ನೆಂಟರೊಬ್ಬರು ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆಯೆಂದು ಆನ್‌ಲೈನಿನಲ್ಲಿ ತರಿಸಿ ಕೊಟ್ಟಿದ್ದಾರೆ. ಬಾಟಲಿಯ ಮೇಲೆ 30 ಮಿ.ಲೀ., 1000 ಮಿ.ಗ್ರಾಂ. ಎಂದಿದೆ. ಕೊಡಬಹುದೇ? ಕಾನೂನಿನ ತೊಡಕೇನಾದರೂ ಇದೆಯೇ?

ಮೈಸೂರು ಕುವೆಂಪುನಗರದ ತಾಯಿ

ನನ್ನ ಮಗನಿಗೂ ಇದೇ ಕಾಯಿಲೆ ಇರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಸಿಬಿಡಿ ಎಂಬುದು ಪೊಳ್ಳು ಮಾತಲ್ಲ. 2018ರಲ್ಲಿ ಪ್ರಕಟವಾದ, ಇದೇ ಕಾಯಿಲೆಯ 225 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮಿ.ಗ್ರಾಂ. ಪಡೆದವರಲ್ಲಿ ಬೀಳುವ ಫಿಟ್ಸ್ ಸುಮಾರು ಶೇ. 37ರಷ್ಟು, 20 ಮಿ.ಗ್ರಾಂ. ಪಡೆದವರಲ್ಲಿ ಶೇ. 42ರಷ್ಟು ಕಡಿಮೆಯಾದವು, ಔಷಧವಿಲ್ಲದ ಹುಸಿ ದ್ರಾವಣ ಪಡೆದವರಲ್ಲಿಯೂ ಶೇ. 17ರಷ್ಟು ಇಳಿದಿತ್ತೆಂಬುದನ್ನು ಮಾರುವವರು ಹೇಳುವುದಿಲ್ಲ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಎಪಿಡಿಯೊಲೆಕ್ಸ್’ ಎಂಬ ಶುದ್ಧೀಕರಿಸಿದ ಸಿಬಿಡಿ ದ್ರಾವಣಕ್ಕೆ ಒಪ್ಪಿಗೆ ಕೊಟ್ಟಿತು.

ಈಗ ನಿಮ್ಮ ಬಾಟಲಿಯ ಲೆಕ್ಕ ನೋಡಿ. ಪ್ರಯೋಗದಲ್ಲಿದ್ದ ಕಡಿಮೆ ಪ್ರಮಾಣವನ್ನೇ ಹಿಡಿದರೂ 20 ಕಿಲೋ ಮಗುವಿಗೆ ದಿನಕ್ಕೆ 200 ಮಿ.ಗ್ರಾಂ. ಬೇಕು, ಎಪಿಡಿಯೊಲೆಕ್ಸ್‌ನಲ್ಲಿ ಅದು 2 ಮಿ.ಲೀ., ನಿಮ್ಮ ಎಣ್ಣೆಯಲ್ಲಿ 6 ಮಿ.ಲೀ. ಅಂದರೆ ಬಾಟಲಿ ಐದೇ ದಿನಕ್ಕೆ ಮುಗಿಯುತ್ತದೆ. ಮಾರುವವರು ಕೊಡುವ ‘ನಾಲಿಗೆಯ ಕೆಳಗೆ ನಾಲ್ಕು ಹನಿ’ ಎಂಬ ಸಲಹೆಗೂ ಆ ಸಂಶೋಧನೆಗೂ ಸಂಬಂಧವೇ ಇಲ್ಲ.

ಇನ್ನೂ ಮುಖ್ಯವಾದದ್ದು ಈಗ ನಡೆಯುತ್ತಿರುವ ಎರಡು ಮಾತ್ರೆಗಳ ವಿಚಾರ. ಸಿಬಿಡಿಯು ಕ್ಲೋಬಜಾಮ್‌ನಿಂದ ದೇಹದಲ್ಲಿ ಉಂಟಾಗುವ ಸಕ್ರಿಯ ಅಂಶವನ್ನು ರಕ್ತದಲ್ಲಿ ಏರಿಸುತ್ತದೆ. ನಮ್ಮ ಮಗ ಬಾಯಲ್ಲಿ ಇಡ್ಲಿಯ ತುತ್ತು ಇಟ್ಟುಕೊಂಡೇ ತೂಕಡಿಸತೊಡಗಿದಾಗ, ಸಿಬಿಡಿ ಬರೆದುಕೊಟ್ಟಿದ್ದ ನರರೋಗ ತಜ್ಞರು ಅದನ್ನು ನಿಲ್ಲಿಸದೆ ಕ್ಲೋಬಜಾಮ್ ಇಳಿಸಿದರು. ಮನೆಯವರು ತಾವಾಗಿ ಮಾಡುವಂಥ ಕೆಲಸವಲ್ಲ ಅದು. ವ್ಯಾಲ್‌ಪ್ರೋಯೇಟ್ ಜೊತೆಗಿದ್ದರೆ ಯಕೃತ್ತಿನ ಕಿಣ್ವಗಳು ಏರುವ ಸಂಭವ ಹೆಚ್ಚು. ಆದ್ದರಿಂದ ಆರಂಭಕ್ಕೆ ಮೊದಲು, ಬಳಿಕ ಒಂದು, ಮೂರು, ಆರನೆಯ ತಿಂಗಳಲ್ಲಿ ಎಲ್‌ಎಫ್‌ಟಿ, ಅಂದರೆ ಯಕೃತ್ತಿನ ರಕ್ತ ಪರೀಕ್ಷೆ, ಮಾಡಿಸುವುದು ವಾಡಿಕೆ. ತುಪ್ಪ ಸುರಿದ ಊಟದೊಂದಿಗೆ ಕೊಟ್ಟರೆ ಖಾಲಿ ಹೊಟ್ಟೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ರಕ್ತಕ್ಕೆ ಸೇರುವುದರಿಂದ, ದಿನವೂ ಒಂದೇ ಬಗೆಯ ಊಟದೊಂದಿಗೆ ಕೊಡಬೇಕಾಗುತ್ತದೆ. ನಮ್ಮ ಮಗನಿಗೆ ಬೀಳುವುದು ಕಡಿಮೆಯಾಗಿದೆ, ನಿಂತಿಲ್ಲ, ಹಸಿವು ಕುಗ್ಗಿದೆ.

ಮಂಡ್ಯದ ಔಷಧ ಅಂಗಡಿಯವರು

ಕಾನೂನಿನ ಬಗ್ಗೆ ಮಾತ್ರ ಹೇಳುತ್ತೇನೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯು ‘ಗಾಂಜಾ’ ಎಂದು ಕರೆಯುವುದು ಹೂವಿನ ಅಥವಾ ಕಾಯಿಯ ತುದಿಗಳನ್ನು. ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. ಎಲೆಯಿಂದ ಮಾಡಿದ ‘ವಿಜಯಾ’ (ಈ ಗಿಡಕ್ಕೆ ಆಯುರ್ವೇದದ ಹೆಸರು) ಉತ್ಪನ್ನಗಳು ಆಯುರ್ವೇದದ ಪರವಾನಗಿಯ ಮೇಲೆ ಬರುವುದು ಇದೇ ಕಾರಣಕ್ಕೆ. ಹಾಗೆಂದು ಅದು ಚಹಾ ಪುಡಿಯಂತೆ ಕೊಳ್ಳುವ ಸರಕಲ್ಲ. ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ, ಇವಿಲ್ಲದ ಬಾಟಲಿಯನ್ನು ಮುಟ್ಟಬೇಡಿ. ಕೆಲವು ಬಾಟಲಿಗಳಲ್ಲಿರುವುದು ಬರಿಯ ಬೀಜದ ಎಣ್ಣೆ. ಆಹಾರವಾಗಿ ಅದಕ್ಕೆ 2021ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಅನುಮತಿ ಇದೆ, ಆದರೆ ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ.

ಮೈಸೂರಿನ ಆಯುರ್ವೇದ ವೈದ್ಯೆ

ಅಂಗಡಿಯವರ ಮಾತಿಗೆ ಒಂದು ಸೇರ್ಪಡೆ. ‘1000 ಮಿ.ಗ್ರಾಂ.’ ಎಂದಿರುವುದು ಸಿಬಿಡಿಯೋ ಅಥವಾ ಒಟ್ಟು ವಿಜಯಾ ಸಾರವೋ ಎಂದು ನೋಡಿ. ಎರಡೂ ಒಂದೇ ಅಲ್ಲ. ಸಿಬಿಡಿಯನ್ನೂ ಅಮಲೇರಿಸುವ ಟಿಎಚ್‌ಸಿಯನ್ನೂ ಬೇರೆ ಬೇರೆಯಾಗಿ ಅಳೆದ, ಆ ಬ್ಯಾಚಿನದೇ ಪ್ರಯೋಗಾಲಯ ವರದಿ ಇಲ್ಲದಿದ್ದರೆ ನಾನು ಮಗುವಿಗೆ ಬರೆಯುವುದಿಲ್ಲ. ಭಂಗಿ ಸೊಪ್ಪನ್ನು ಶುದ್ಧಿ ಮಾಡಿ ಬಳಸುವ ಜಾತೀಫಲಾದಿ ಚೂರ್ಣದಂಥ ಯೋಗಗಳು ನಮ್ಮಲ್ಲಿ ಹಿಂದಿನಿಂದಲೂ ಇವೆಯಾದರೂ ಅದನ್ನು ಕೊಡುವುದು ಗ್ರಹಣಿ, ಅತಿಸಾರದಂಥ ಹೊಟ್ಟೆಯ ತೊಂದರೆಗಳಿಗೆ. ಆ ಹಳಮೆಯನ್ನು ತೋರಿಸಿ ಫಿಟ್ಸ್‌ಗೆ ಎಣ್ಣೆ ಮಾರುವುದು ನನಗೆ ಒಪ್ಪಿಗೆಯಿಲ್ಲ.

ಪಾಂಡವಪುರದ ತಂದೆ

ಮೇಲಿನ ತಾಯಿ ಬರೆದದ್ದೆಲ್ಲ ನಿಜವಾದರೂ ನಮ್ಮಂಥ ಊರಿನವರಿಗೆ ಕಷ್ಟವಿರುವುದು ಮಕ್ಕಳ ನರರೋಗ ತಜ್ಞರನ್ನು ತಲುಪುವುದರಲ್ಲಿಯೇ. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮೊದಲು ತೋರಿಸಿ, ಔಷಧಕ್ಕೆ ಬಗ್ಗದ ಫಿಟ್ಸ್ ಎಂದು ಬರೆಸಿಕೊಂಡು ನಿಮ್ಹಾನ್ಸ್‌ಗೆ ಪತ್ರ ಕೇಳಿ. ಬೀಳುವುದರ ವಿಡಿಯೊ, ದಿನವೂ ಎಷ್ಟು ಸಲ ಬಿದ್ದಳೆಂದು ಗುರುತಿಸಿದ ಕ್ಯಾಲೆಂಡರ್, ಹಳೆಯ ಇಇಜಿ, ಆ ಎಣ್ಣೆಯ ಬಾಟಲಿ, ಎಲ್ಲವನ್ನೂ ಒಯ್ಯಿರಿ. ಬಾಟಲಿಯನ್ನು ಮುಚ್ಚಿಡುವವರೇ ಹೆಚ್ಚು. ಬೈಯುವ ವೈದ್ಯರಿಗಿಂತ ಗೊತ್ತಿಲ್ಲದೆ ಮಾತ್ರೆ ಏರಿಸುವ ವೈದ್ಯರಿಂದ ಅಪಾಯ ಜಾಸ್ತಿ. ಶುದ್ಧೀಕರಿಸಿದ ಸಿಬಿಡಿ ಈಗ ನಮ್ಮಲ್ಲಿ ಯಾವ ದಾರಿಯಲ್ಲಿ ಸಿಗುತ್ತದೆ, ಕೊಬ್ಬು ಹೆಚ್ಚು, ಪಿಷ್ಟ ಕಡಿಮೆ ಇರುವ ಕೀಟೋ ಪಥ್ಯ ನಿಮ್ಮ ಮಗುವಿಗೆ ಹೊಂದುತ್ತದೆಯೇ ಎಂದೂ ಅಲ್ಲಿಯೇ ಕೇಳಿ. ಮುದ್ದೆ, ಅನ್ನ ಬಿಡಿಸುವುದು ನಮ್ಮ ಸೀಮೆಯಲ್ಲಿ ಸುಲಭವಲ್ಲವೆನ್ನಿ.

ಯಾರಾದರೂ ‘ಸಂಶೋಧನೆಗೆ ಸೇರಿಸುತ್ತೇವೆ’ ಎಂದು ದುಡ್ಡು ಕೇಳಿದರೆ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ಪ್ರಯೋಗದ ಔಷಧವನ್ನು ರೋಗಿಗೆ ಮಾರುವುದು ಕ್ರಮವಲ್ಲ.

ತಜ್ಞರ ಭೇಟಿಯವರೆಗೆ ಈಗಿನ ಮಾತ್ರೆ ಒಂದು ಹೊತ್ತೂ ತಪ್ಪದಿರಲಿ. ಫಿಟ್ಸ್ ಐದು ನಿಮಿಷ ದಾಟಿದರೆ ಮೂಗಿಗೆ ಹಾಕುವ ಮಿಡಾಜೋಲಾಮ್ ಸ್ಪ್ರೇ ಇದೆ. ತೂಕಕ್ಕೆ ತಕ್ಕಂತೆ ಎಷ್ಟು ಸಲ ಒತ್ತಬೇಕೆಂಬುದನ್ನು ನಿಮ್ಮ ಈಗಿನ ವೈದ್ಯರಿಂದ ನಾಳೆಯೇ ಬರೆಸಿಕೊಳ್ಳಿ. ಶಾಲೆಯ ಟೀಚರಿಗೂ ಒಂದು ಪ್ರತಿ ಕೊಡಿ.