ಸೋಲ್ ಸಂಗೀತದ ಪರಿಚಯಕ್ಕೆ ಲಿಯಾನ್ ಬ್ರಿಡ್ಜಸ್ ಅವರ ಮೊದಲ ಆಲ್ಬಮ್ ಸರಿಯಾದ ಆಯ್ಕೆಯೇ?

ಅಂತರಗಂಗೆ, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ನಾವೊಂದಿಷ್ಟು ಗೆಳೆಯರು ತಿಂಗಳಿಗೊಮ್ಮೆ ಸೇರಿ, ಒಂದು ಆಲ್ಬಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ನಡುವೆ ಮಾತಿಲ್ಲದೆ ಕೇಳಿ, ಆಮೇಲೆ ಚಹಾ ಕುಡಿಯುತ್ತಾ ಅದರ ಬಗ್ಗೆ ಚರ್ಚಿಸುವ ರೂಢಿ ಇಟ್ಟುಕೊಂಡಿದ್ದೇವೆ. ಬರುವವರಲ್ಲಿ ಹೆಚ್ಚಿನವರು ದಾಸರ ಪದ, ತತ್ವಪದ, ರಂಗಗೀತೆ, ಹಳೆಯ ಚಿತ್ರಗೀತೆಗಳನ್ನು ಕೇಳಿ ಬೆಳೆದವರು. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಹೆಸರನ್ನು ಕೇಳಿದ್ದಾರೆಯೇ ಹೊರತು ಅದನ್ನು ಕೂತು ಕೇಳಿದವರು ಕಡಿಮೆ.

ಅವರಿಗಾಗಿ ನಾನು ಆರಿಸಿಕೊಂಡಿದ್ದು ಲಿಯಾನ್ ಬ್ರಿಡ್ಜಸ್ ಅವರ ಮೊದಲ ಆಲ್ಬಮ್ 'ಕಮಿಂಗ್ ಹೋಮ್'. 2015ರ ಜೂನ್‌ನಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಮೂಲಕ ಬಂದ ಇದರಲ್ಲಿ ಹತ್ತು ಹಾಡುಗಳಿವೆ. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಮುಗಿಯುತ್ತದೆ. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಬೆಳೆದು, ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾ, ಬಿಡುವಿನಲ್ಲಿ ಗಿಟಾರ್ ಹಿಡಿದು ಹಾಡು ಕಟ್ಟುತ್ತಿದ್ದ ಯುವಕನೊಬ್ಬ ಇಪ್ಪತ್ತೈದರ ವಯಸ್ಸಿನಲ್ಲಿ ಇಷ್ಟು ತೂಕದ ಕಂಠವನ್ನು ಲೋಕದ ಮುಂದಿಟ್ಟದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಂಡಿತು.

ಆದರೆ ನಮ್ಮ ಗುಂಪಿನ ಹಿರಿಯರೊಬ್ಬರು ಈ ಆಯ್ಕೆಯನ್ನು ಒಪ್ಪುತ್ತಿಲ್ಲ. 1960ರ ದಶಕದ ಸೋಲ್ ಗಾಯಕ ಸ್ಯಾಮ್ ಕುಕ್ ಇರುವಾಗ ಅವರ ಶೈಲಿಯನ್ನೇ ಮತ್ತೆ ಕಟ್ಟಿಕೊಡುವ ಹುಡುಗನನ್ನು ಏಕೆ ಕೇಳಬೇಕು, ಮೂಲಕ್ಕೇ ಹೋಗೋಣ ಎಂಬುದು ಅವರ ವಾದ. ಈ ಮಾತಿನಲ್ಲಿ ಹುರುಳಿದೆಯೇ? ಇದ್ದರೆ ಬೇರೆ ಯಾವ ಆಲ್ಬಮ್ ಸೂಚಿಸುತ್ತೀರಿ? ಇಲ್ಲವಾದರೆ ಇದರ ಯಾವ ಹಾಡುಗಳ ಮೇಲೆ ಚರ್ಚೆಯನ್ನು ಕೇಂದ್ರೀಕರಿಸಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಚಾಂಪಿಯನ್ ರೀಫ್, ಕೆಜಿಎಫ್

ನಿಮ್ಮ ಆಯ್ಕೆ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ 'ಹಳೆಯ ಕಾಲದ ಹಾಗೆ ಕೇಳಿಸುತ್ತದೆ' ಎಂಬ ಕಾರಣಕ್ಕೆ ಅಲ್ಲ.

ಮೊದಲು ಅನುಕರಣೆಯ ಪ್ರಶ್ನೆಯನ್ನು ನೋಡೋಣ. ಸೋಲ್ ಪರಂಪರೆಯಲ್ಲಿ ಯುವ ಗಾಯಕನ ಮೊದಲ ಆಲ್ಬಮಿನಲ್ಲಿ ಗುರುಗಳ ನೆರಳು ಕಾಣದೇ ಇರುವುದು ಅಪರೂಪ. ಓಟಿಸ್ ರೆಡಿಂಗ್ ಅವರ ಮೊದಲ ಆಲ್ಬಮ್ 1964ರಲ್ಲಿ ಬಂದಾಗ ಅದರಲ್ಲಿ ಸ್ಯಾಮ್ ಕುಕ್ ಅವರ ಹಾಡಿತ್ತು, ಲಿಟಲ್ ರಿಚರ್ಡ್ ಅವರ ಹಾಡಿತ್ತು, ಬೆನ್ ಇ. ಕಿಂಗ್ ಅವರ ಹಾಡೂ ಇತ್ತು. ಹಿರಿಯರ ಹಾಡನ್ನು ತನ್ನ ಗಂಟಲಿನಲ್ಲಿ ಹಾಯಿಸಿ ನೋಡುತ್ತಲೇ ತನ್ನ ದನಿ ಯಾವುದೆಂದು ಕಂಡುಕೊಳ್ಳುವುದು ಅಲ್ಲಿಯ ಕಲಿಕೆಯ ಕ್ರಮ. 1995ರ 'ಬ್ರೌನ್ ಶುಗರ್' ಎಂಬ ಮೊದಲ ಆಲ್ಬಮಿನಲ್ಲಿ ಡಿ'ಆಂಜೆಲೊ ಕೂಡ ಸ್ಮೋಕಿ ರಾಬಿನ್‌ಸನ್ ಅವರ ಹಾಡೊಂದನ್ನು ತಮ್ಮದೇ ನಡೆಯಲ್ಲಿ ಹಾಡಿದರು. ಬ್ರಿಡ್ಜಸ್ ಹಿರಿಯರ ಹಾಡುಗಳನ್ನು ಎತ್ತಿಕೊಂಡಿಲ್ಲ, ಅವರ ಕಾಲದ ಧಾಟಿಯನ್ನು ಎತ್ತಿಕೊಂಡಿದ್ದಾರೆ. ವ್ಯತ್ಯಾಸ ಇಷ್ಟೇ.

ಇನ್ನೊಂದು ಸಂಗತಿಯನ್ನು ನಿಮ್ಮ ಹಿರಿಯರಿಗೆ ಹೇಳಿ. ಬ್ರಿಡ್ಜಸ್ ತಮ್ಮ ತಾಯಿಯ ಬಗ್ಗೆ 'ಲೀಸಾ ಸಾಯರ್' ಎಂಬ ಹಾಡನ್ನು ಕಟ್ಟಿ ಹಾಡಿದಾಗ, ಕೇಳಿದವರೊಬ್ಬರು ನಿಮಗೆ ಸ್ಯಾಮ್ ಕುಕ್ ಪ್ರೇರಣೆಯೇ ಎಂದು ಕೇಳಿದರಂತೆ. ಆಗ ಅವರು ಕುಕ್ ಅವರನ್ನು ಗಮನವಿಟ್ಟು ಕೇಳಿಯೇ ಇರಲಿಲ್ಲ. ಆ ಪ್ರಶ್ನೆಯ ನಂತರವೇ ಹುಡುಕಿಕೊಂಡು ಹೋಗಿ ಕೇಳಿದ್ದಾಗಿ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹಾಗಾದರೆ ಹಾಡು ಮೊದಲು ಬಂತು, ಗುರು ಆಮೇಲೆ ಸಿಕ್ಕರು. ಇದನ್ನು ಅನುಕರಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆ ಹಾಡಿನ ಮೇಲೇ ನೀವು ಹೆಚ್ಚು ಹೊತ್ತು ನಿಲ್ಲಬೇಕು. ಶೀರ್ಷಿಕೆಯೇ ತಾಯಿಯ ಹೆಸರು. ಅವಳು ಹುಟ್ಟಿದ ನ್ಯೂ ಆರ್ಲಿಯನ್ಸ್, ಅವಳ ಮೈಬಣ್ಣ, ಅವಳ ಮನೆತನ ಎಂದು ಒಂದೊಂದಾಗಿ ಹೇಳುತ್ತಾ ಹೋಗುವ ಗಾಯಕ ಎಲ್ಲಿಯೂ ಸ್ವರವನ್ನು ಏರಿಸಿ ಮೆರೆಯುವುದಿಲ್ಲ. ಈ ಸಂಗೀತದಲ್ಲಿ ಒಂದೇ ಅಕ್ಷರದ ಮೇಲೆ ಹತ್ತು ಸ್ವರಗಳನ್ನು ಸುತ್ತಿಸುವ ಚಮತ್ಕಾರಕ್ಕೆ ಬೇಕಾದಷ್ಟು ಅವಕಾಶವಿದೆ, ಅದನ್ನು ಮಾಡಿ ತೋರಿಸಿದ ಮಹಾನ್ ಗಾಯಕರೂ ಇದ್ದಾರೆ. ಇಲ್ಲಿ ಬ್ರಿಡ್ಜಸ್ ಒಂದು ಮಾತಿಗೆ ಒಂದು ಸ್ವರ ಎಂಬಷ್ಟು ಮಿತವಾಗಿ ಹಾಡುವುದರಿಂದ ಹಾಡು ಮನೆಯವರ ಮುಂದೆ ಹೇಳಿದ ಕಥೆಯಾಗಿಯೇ ಉಳಿಯುತ್ತದೆ. ತತ್ವಪದಕ್ಕೆ ಒಗ್ಗಿದ ಕಿವಿಗೆ ಈ ಮಿತ ಬೇಗ ಹಿಡಿಸುತ್ತದೆ.

ಕೊನೆಯ ಹಾಡು 'ರಿವರ್' ಅನ್ನು ಮಾತ್ರ ನೀವು ಬೇರೆಯಾಗಿಯೇ ಕೇಳಿಸಬೇಕು. ನಾನು ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಾ ಬೆಳೆದವನು. ನಮ್ಮಲ್ಲಿ ತಮಿಳು, ತೆಲುಗು, ಇಂಗ್ಲಿಷ್ ಮೂರರಲ್ಲೂ ಹಾಡುತ್ತೇವೆ. ಭಜನೆಯಲ್ಲಿ ಮುಂದಾಳು ಸಾಲನ್ನು ಮುಗಿಸಿದ ಮೇಲೆ ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಕಪ್ಪು ಜನರ ಚರ್ಚುಗಳ ಭಕ್ತಿಗಾಯನವಾದ ಗಾಸ್ಪೆಲ್‌ನಲ್ಲಿ ಅನೇಕ ಸಲ ಸಾಲು ಮುಗಿಯುವ ಮೊದಲೇ, ಕೊನೆಯ ಅಕ್ಷರದ ಮೇಲೆಯೇ ಹಿಮ್ಮೇಳ ಏರಿಬರುತ್ತದೆ. ಮುಂದಾಳು ಆ ದನಿಯ ಆಸರೆಯಲ್ಲಿ ಮುಂದಿನ ಸಾಲಿಗೆ ದಾಟುತ್ತಾನೆ. ಈ ಆಲ್ಬಮಿನ ಹೆಚ್ಚಿನ ಹಾಡುಗಳಲ್ಲಿ ಹಿಮ್ಮೇಳ ಹಿಂದೆ ಮೆತ್ತಗೆ ಹಾಸಿಕೊಂಡಿರುತ್ತದೆಯಷ್ಟೆ. 'ರಿವರ್'ನಲ್ಲಿ ವಾದ್ಯಗಳೆಲ್ಲ ಹಿಂದೆ ಸರಿದು ಗಿಟಾರ್, ಟ್ಯಾಂಬರೀನ್ ಎಂಬ ಬಿಲ್ಲೆ ಕಟ್ಟಿದ ಕೈವಾದ್ಯ ಮತ್ತು ಮನುಷ್ಯರ ಕಂಠಗಳು ಮಾತ್ರ ಉಳಿದಾಗ ಆ ದಾಟುವಿಕೆ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಹೊಳೆಯಲ್ಲಿ ಮುಳುಗಿ ಪಾಪ ತೊಳೆದುಕೊಳ್ಳುವ ಕ್ರೈಸ್ತ ದೀಕ್ಷಾಸ್ನಾನದ ಕಲ್ಪನೆ, ಗುಲಾಮಗಿರಿಯ ಕಾಲದ ಭಕ್ತಿಗೀತೆಗಳಲ್ಲಿ ನದಿ ದಾಟುವುದೆಂದರೆ ಬಿಡುಗಡೆ ಎಂಬ ಹಂಬಲ, ಎರಡೂ ಈ ಹಾಡಿನಲ್ಲಿ ಸೇರಿವೆ. ತಾಯಿಯನ್ನೂ ತನ್ನನ್ನೂ ಸಾಕಲು ಹಲವು ಕೆಲಸಗಳಲ್ಲಿ ದುಡಿಯುತ್ತಾ ಖಿನ್ನತೆಗೆ ಬಿದ್ದಿದ್ದ ದಿನಗಳಲ್ಲಿ ಇದನ್ನು ಬರೆದೆ ಎಂದು ಬ್ರಿಡ್ಜಸ್ ಹೇಳಿಕೊಂಡಿದ್ದಾರೆ.

ಸಿದ್ಧರಬೆಟ್ಟ, ತುಮಕೂರು

ಧ್ವನಿಮುದ್ರಣದ ಕೆಲಸದಲ್ಲಿರುವವನಾಗಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಈ ಆಲ್ಬಮಿನ 'ಹಳೆಯ ಸದ್ದು' ಮೇಲೆ ಬಳಿದ ಬಣ್ಣವಲ್ಲ.

ವೈಟ್ ಡೆನಿಮ್ ಎಂಬ ರಾಕ್ ತಂಡದ ಆಸ್ಟಿನ್ ಜೆಂಕಿನ್ಸ್ ಮತ್ತು ಜೋಶುವಾ ಬ್ಲಾಕ್ ಇದನ್ನು ಫೋರ್ಟ್ ವರ್ತ್‌ನ ಹಳೆಯ ಗೋದಾಮಿನಲ್ಲಿ, ಹಳೆಯ ಕಾಲದ ಉಪಕರಣಗಳನ್ನು ಕೂಡಿಹಾಕಿಕೊಂಡು, ವಾದಕರನ್ನೆಲ್ಲ ಒಟ್ಟಿಗೆ ನುಡಿಸಲು ಬಿಟ್ಟು ಮುದ್ರಿಸಿದರು. ಈಗಿನ ಸಾಮಾನ್ಯ ಪದ್ಧತಿಯಲ್ಲಿ ಡ್ರಮ್ಸ್ ಒಂದು ದಿನ, ಗಿಟಾರ್ ಇನ್ನೊಂದು ದಿನ, ಕಂಠ ಮತ್ತೊಂದು ದಿನ ಮುದ್ರಣವಾಗುತ್ತದೆ. ತಪ್ಪಿದ ಸ್ವರವನ್ನು ಕಂಪ್ಯೂಟರ್‌ನಲ್ಲಿ ಎತ್ತಿ ಸರಿಯಾದ ಜಾಗದಲ್ಲಿ ಕೂರಿಸುತ್ತೇವೆ. ಎಲ್ಲರೂ ಒಂದೇ ಕೋಣೆಯಲ್ಲಿ ನುಡಿಸಿದರೆ ಸ್ಯಾಕ್ಸೊಫೋನಿನ ನಾದ ಗಾಯಕನ ಮೈಕಿಗೂ ಬೀಳುತ್ತದೆ, ಡ್ರಮ್ಸಿನ ಏಟು ಗಿಟಾರಿನ ಮೈಕಿಗೂ ಬೀಳುತ್ತದೆ. ಹಾಗೆ ಬೆರೆತ ಮೇಲೆ ಒಬ್ಬನ ತಪ್ಪನ್ನು ಮಾತ್ರ ಬಿಡಿಸಿ ತಿದ್ದಲು ಬರುವುದಿಲ್ಲ. ಆದ್ದರಿಂದ ಪ್ರತಿಯೊಬ್ಬನೂ ಉಳಿದವರನ್ನು ಕೇಳಿಸಿಕೊಂಡೇ ನುಡಿಸಬೇಕು, ಹಾಡು ಮುಗಿಯುವವರೆಗೆ ಯಾರೂ ಮೈಮರೆಯುವಂತಿಲ್ಲ. ನೀವು ಕೇಳುವ ಬೆಚ್ಚನೆಯ ಗುಣ ಈ ಬೆರಕೆಯಿಂದಲೇ ಬಂದದ್ದು. ನಮ್ಮ ಹರಿಕಥೆ, ನಾಟಕಗಳ ಹಿಮ್ಮೇಳದವರು ಕೆಲಸ ಮಾಡಿದ್ದೂ ಹೀಗೆಯೇ: ಹಾರ್ಮೋನಿಯಂ ನುಡಿಸುವವರ ಕಣ್ಣು ಸದಾ ನಟನ ಬಾಯಿಯ ಮೇಲಿರುತ್ತಿತ್ತು.

ಕೇಳಿಸುವ ದಿನ ಒಂದು ಎಚ್ಚರಿಕೆ ಇರಲಿ. ಸಭೆ ಸಮಾರಂಭಗಳಿಗೆ ತರುವ, ಮಂದ್ರವನ್ನೇ ಗುಡುಗಿಸುವ ಸ್ಪೀಕರ್ ಬೇಡ. ಕಂಠ ಮತ್ತು ಸ್ಯಾಕ್ಸೊಫೋನ್ ಇರುವುದು ಮಧ್ಯದ ಸ್ತರದಲ್ಲಿ. ಅದು ಮುಚ್ಚಿಹೋದರೆ 'ಶೈನ್' ಹಾಡಿನಲ್ಲಿ ದೇವರ ಮುಂದೆ ಹಳೆಯ ತಪ್ಪುಗಳನ್ನು ಒಪ್ಪಿಕೊಳ್ಳುವ ಆ ಪ್ರಾರ್ಥನೆಯ ಮೊರೆ ಯಾರಿಗೂ ಮುಟ್ಟುವುದಿಲ್ಲ. ಎರಡು ಸಾಧಾರಣ ಸ್ಪೀಕರುಗಳನ್ನು ಕಿವಿಯ ಎತ್ತರಕ್ಕೆ ಇಟ್ಟು, ಮಾತಿನ ಮಟ್ಟಕ್ಕಿಂತ ತುಸು ಹೆಚ್ಚಿನ ಸದ್ದಿನಲ್ಲಿ ಕೇಳಿಸಿ.

ಕೈವಾರದ ದಾರಿ, ಚಿಂತಾಮಣಿ

ನಾನು ನಿಮ್ಮ ಹಿರಿಯರ ಪಕ್ಷದವನು. ಆದರೆ ಕಾರಣ ಬೇರೆ.

ಸ್ಯಾಮ್ ಕುಕ್ ಅವರನ್ನು ಬ್ರಿಡ್ಜಸ್ ಜೊತೆ ಹೋಲಿಸುವವರೆಲ್ಲ ಸ್ಟುಡಿಯೊದಲ್ಲಿ ಹಾಡಿದ ನಯವಾದ ಕುಕ್ ಅವರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಕಪ್ಪು ಜನರ ಸಭೆಯ ಮುಂದೆ ಹಾಡಿದ ಕುಕ್ ಬೇರೆಯೇ ಮನುಷ್ಯ. ದನಿ ಒರಟಾಗಿದೆ, ಬೆವರಿದೆ, ಎದುರಿಗಿರುವವರು ಪ್ರತಿ ಸಾಲಿಗೂ ಕೂಗಿ ಉತ್ತರಿಸುತ್ತಾರೆ. ಆ ಧ್ವನಿಮುದ್ರಣವನ್ನು ಕಂಪನಿ 1985ರವರೆಗೆ ಹೊರಗೆ ಬಿಡಲಿಲ್ಲ. ಅದೇ 1963ರ ಅಕ್ಟೋಬರ್‌ನಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟಿನಲ್ಲಿ ಬಿಳಿಯರ ಹೋಟೆಲೊಂದು ಅವರಿಗೂ ಅವರ ಸಂಗಡಿಗರಿಗೂ ಕೋಣೆ ಕೊಡಲಿಲ್ಲ. ಪ್ರತಿಭಟಿಸಿದ್ದಕ್ಕೆ ಪೊಲೀಸರು ಅವರನ್ನು ಬಂಧಿಸಿದರು. ಮರುವರ್ಷ ಅವರ ಅತ್ಯಂತ ದೊಡ್ಡ ಹಾಡು 'ಎ ಚೇಂಜ್ ಈಸ್ ಗೊನ್ನಾ ಕಮ್' ಹೊರಬಂದದ್ದರ ಹಿಂದೆ ಈ ಅವಮಾನವಿದೆ. ಸೋಲ್ ಎಂಬುದು ಇದನ್ನೆಲ್ಲ ಹೊತ್ತ ಸಂಗೀತ.

'ಕಮಿಂಗ್ ಹೋಮ್' ಬಂದ 2015ರ ಜೂನ್ ಎಂಥ ತಿಂಗಳು? ಚಾರ್ಲ್ಸ್‌ಟನ್‌ನ ಕಪ್ಪು ಜನರ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಿದ್ದ ಒಂಬತ್ತು ಮಂದಿಯನ್ನು ಬಿಳಿಯನೊಬ್ಬ ಗುಂಡಿಟ್ಟು ಕೊಂದ ತಿಂಗಳು. ಏಪ್ರಿಲ್‌ನಲ್ಲಿ, ಪೊಲೀಸರ ವಶದಲ್ಲಿ ಗಾಯಗೊಂಡ ಕಪ್ಪು ಯುವಕನೊಬ್ಬ ಸತ್ತ ಮೇಲೆ, ಬಾಲ್ಟಿಮೋರ್ ನಗರ ಹೊತ್ತಿ ಉರಿದಿತ್ತು. ಆಲ್ಬಮ್ ಅದಕ್ಕೂ ಮೊದಲೇ ಸಿದ್ಧವಾಗಿತ್ತು, ಅದನ್ನು ಗಾಯಕನ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ನನಗೂ ಗೊತ್ತು. ಆದರೂ 1963ರ ಅಂಗಿ, 1963ರ ಗಿಟಾರ್, 1963ರ ಮೈಕು ಎಲ್ಲವನ್ನೂ ತಂದು ಆ ಕಾಲದ ಸಂಕಟವನ್ನು ಮಾತ್ರ ಬಿಟ್ಟುಬಂದಂತೆ ನನಗೆ ಕೇಳಿಸುತ್ತದೆ. ನಮ್ಮ ಜಿಲ್ಲೆಗಳವರಿಗೆ ಇದು ಅರ್ಥವಾಗದ ಮಾತಲ್ಲ. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮಗಾದ ಸಂತೋಷ ವಾದನದ ಚೆಲುವಿಗೆ ಮಾತ್ರ ಸಂಬಂಧಿಸಿದ್ದಾಗಿರಲಿಲ್ಲ. ಊರಾಚೆ ನಿಲ್ಲಿಸಲ್ಪಟ್ಟಿದ್ದ ವಾದ್ಯವೊಂದು ರಾಷ್ಟ್ರಪತಿ ಭವನದವರೆಗೆ ಹೋಯಿತೆಂಬ ಸಂತೋಷ ಅದು. ಅದೇ ತಮಟೆಯನ್ನು ಅದರ ಇತಿಹಾಸದಿಂದ ಬಿಡಿಸಿ ಬರೀ ಲಯವಾಗಿ ಕೇಳಿಸಿದರೆ ಏನೋ ಕಳೆದುಹೋಗುತ್ತದೆ.

'ರಿವರ್' ವಿಷಯದಲ್ಲಿ ಮಾತ್ರ ಚಾಂಪಿಯನ್ ರೀಫ್ ಅವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. 2016ರಲ್ಲಿ ಬಂದ ಅದರ ವಿಡಿಯೊ ಬಾಲ್ಟಿಮೋರಿನಲ್ಲೇ, ಅಲ್ಲಿಯ ಕಪ್ಪು ಜನರ ಬದುಕಿನ ನಡುವೆಯೇ ಚಿತ್ರಿತವಾಯಿತು, ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆಯಿತು. ಹಾಡಿನ ಒಂದಕ್ಷರ ಬದಲಾಗದೆಯೂ ಅದು ಆ ನಗರದ ದುಃಖವನ್ನು ಹೊತ್ತಿತು. ಇಂಥ ಬಲ ಉಳಿದ ಒಂಬತ್ತು ಹಾಡುಗಳಲ್ಲಿ ಎಷ್ಟಕ್ಕಿದೆ ಎಂಬುದೇ ನನ್ನ ಪ್ರಶ್ನೆ.

ಚಾಂಪಿಯನ್ ರೀಫ್, ಕೆಜಿಎಫ್

ಕೈವಾರದ ದಾರಿಯವರ ಮಾತಿಗೆ ಗೌರವದಿಂದಲೇ ಉತ್ತರಿಸುತ್ತೇನೆ. ಕಪ್ಪು ಗಾಯಕನೊಬ್ಬ ಪ್ರೀತಿಯ ಹಾಡು ಹಾಡಿದಾಗಲೆಲ್ಲ ಸಂಕಟವೆಲ್ಲಿ ಎಂದು ಕೇಳುವುದು ಅವನ ಮೇಲೆ ಇನ್ನೊಂದು ಹೊರೆಯನ್ನು ಹೇರಿದಂತೆ. ಬೆಳ್ಳಗಿನ ಚರ್ಮವನ್ನೇ ಚೆಲುವೆಂದು ಶತಮಾನಗಳಿಂದ ಹೇಳಿಕೊಂಡು ಬಂದ ದೇಶದಲ್ಲಿ 'ಬ್ರೌನ್ ಸ್ಕಿನ್ ಗರ್ಲ್' ಎಂದು ಕಂದುಬಣ್ಣದ ಹುಡುಗಿಯನ್ನು ನೇರವಾಗಿ ಹೊಗಳುವುದು ಸಣ್ಣ ಕೆಲಸವಲ್ಲ. ಬಣ್ಣ ನೋಡಿ ಹೆಣ್ಣು ಹುಡುಕುವ ನಮ್ಮ ಊರುಗಳಲ್ಲಿ ಈ ಹಾಡನ್ನು ಕೇಳಿಸಿದರೆ ಚರ್ಚೆ ತಾನಾಗಿಯೇ ಹುಟ್ಟುತ್ತದೆ.

ಆದರೆ ಹಾರ್ಲೆಮ್ ಸ್ಕ್ವೇರಿನ ಕುಕ್ ಅವರನ್ನು ಜೊತೆಗೆ ಕೇಳಿಸಬೇಕೆಂಬ ಇಂಗಿತ ಬಹಳ ಒಳ್ಳೆಯದು. ಬ್ರಿಡ್ಜಸ್ ಎಲ್ಲಿ ಹಿಂದೆ ಬೀಳುತ್ತಾರೆ ಎಂಬುದೂ ಅದರಿಂದ ಗೊತ್ತಾಗುತ್ತದೆ: ವೇಗದ ಹಾಡುಗಳಲ್ಲಿ, ಮುಖ್ಯವಾಗಿ 'ಟ್ವಿಸ್ಟಿನ್ ಆ್ಯಂಡ್ ಗ್ರೂವಿನ್'ನಲ್ಲಿ, ಅವರು ಸಭ್ಯತೆಯ ಗೆರೆ ದಾಟುವುದೇ ಇಲ್ಲ. ಅಲ್ಲಿ ಗಂಟಲು ಸ್ವಲ್ಪ ಒಡೆಯಬೇಕಿತ್ತು.

ಅಂತರಗಂಗೆ, ಕೋಲಾರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಆಲ್ಬಮನ್ನು ಪೂರ್ತಿ ಕೇಳಿಸಿ, ಚಹಾದ ನಂತರ ಹಾರ್ಲೆಮ್ ಸ್ಕ್ವೇರಿನ ಕೆಲವು ಹಾಡುಗಳನ್ನು ಕೇಳಿಸುವುದೆಂದು ನಿರ್ಧರಿಸಿದ್ದೇವೆ, ಹಿರಿಯರೂ ಒಪ್ಪಿದ್ದಾರೆ. ಉಳಿದದ್ದು ಒಂದೇ ಪ್ರಶ್ನೆ. ಹಾಡುಗಳ ಹಿನ್ನೆಲೆಯನ್ನು ಮೊದಲೇ ಹೇಳಬೇಕೇ, ಕೇಳಿಸಿದ ಮೇಲೆ ಹೇಳಬೇಕೇ?

ಕೈವಾರದ ದಾರಿ, ಚಿಂತಾಮಣಿ

ಬ್ರಿಡ್ಜಸ್ ಹಾಡುಗಳಿಗೆ ಮೊದಲು ಏನನ್ನೂ ಹೇಳಬೇಡಿ. 'ಲೀಸಾ ಸಾಯರ್' ಗಾಯಕನ ತಾಯಿಯ ಹೆಸರೆಂಬುದು ಹಾಡು ಮುಗಿದ ಮೇಲೆ ತಿಳಿದರೆ ಅದನ್ನು ಮತ್ತೊಮ್ಮೆ ಹಾಕಿ ಎಂದು ಅವರೇ ಕೇಳುತ್ತಾರೆ. ಕುಕ್ ಅವರ ಧ್ವನಿಮುದ್ರಣಕ್ಕೆ ಮಾತ್ರ ಊರು, ವರ್ಷ, ಎದುರಿಗಿದ್ದ ಸಭೆ ಯಾರದು ಎಂಬುದನ್ನು ಮೊದಲೇ ಹೇಳಿ, ಏಕೆಂದರೆ ಅಲ್ಲಿ ಸಭೆಯ ಕೂಗು ಹಾಡಿನದೇ ಒಂದು ಭಾಗ. ಮುಂದಿನ ತಿಂಗಳಿಗೆ ಆಸಕ್ತಿ ಉಳಿದರೆ ಬ್ರಿಡ್ಜಸ್ ಅವರ 2018ರ ಎರಡನೆಯ ಆಲ್ಬಮ್ 'ಗುಡ್ ಥಿಂಗ್' ಕೇಳಿಸಿ. ಅದರಲ್ಲಿ ಅವರು ಹಳೆಯ ಧಾಟಿಯಿಂದ ಬಹುಮಟ್ಟಿಗೆ ಹೊರಗೆ ಬಂದಿದ್ದಾರೆ, ಅದರ ಒಂದು ಹಾಡಿಗೆ 2019ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಮೊದಲ ಆಲ್ಬಮಿನ ಬಗ್ಗೆ ನನಗಿರುವ ಆಕ್ಷೇಪಕ್ಕೆ ಗಾಯಕರೇ ಕೊಟ್ಟ ಉತ್ತರ ಅದೆಂದು ನಾನು ಭಾವಿಸಿದ್ದೇನೆ. ಚಾಂಪಿಯನ್ ರೀಫ್ ಅವರು ಇದನ್ನು ಒಪ್ಪಲಾರರು. ಅವರೂ ಆ ದಿನ ಕೋಲಾರಕ್ಕೆ ಬಂದರೆ ನಾನೂ ಬರುತ್ತೇನೆ.