ಅಂಬಾಸಿಡರ್ ಬಿಸಿಯಾದ ಮೇಲೆ ನಿಂತುಹೋಗುತ್ತೆ: ಕಾಯಿಲಾ, ಕಂಡೆನ್ಸರಾ?

ಹಳೇಗಾಡಿ: ಮಾರ್ಕ್ 3, 1489 ಸಿಸಿ ಪೆಟ್ರೋಲ್, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಪಾಯಿಂಟಿನಿಂದ ಕಿಡಿ ಹುಟ್ಟಿಸುವ ಹಳೇ ವ್ಯವಸ್ಥೆ). ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್. ಅರ್ಧ ಗಂಟೆ ಓಡಿದರೆ ಮಿಸ್ ಹೊಡೆದು ಆಫ್. ಆರಿದ ಮೇಲೆ ಮತ್ತೆ ಸರಿ. ಪ್ಲಗ್, ಪಾಯಿಂಟ್ ಹೊಸವು. ಮೆಕ್ಯಾನಿಕ್ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ) ಬದಲಿಸಿ ಅಂತಿದ್ದಾರೆ. ಅದಕ್ಕೂ ಮುಂಚೆ ಏನು ನೋಡಲಿ?

ಸ್ಪ್ಯಾನರ್ ಮೂರ್ತಿ: ಸಾರ್, ಆರಿದ ಮೇಲೆ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತೆ. ನಿಂತ ಜಾಗದಲ್ಲೇ ಬಾನೆಟ್ ಎತ್ತಿ. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಕ್ಯಾಪಿನ ನಡುವಿನ ಕಾಯಿಲ್ ವೈರ್ ಕಿತ್ತು, ರಬ್ಬರ್ ಹಿಡಿಯ ಪ್ಲೈಯರಿನಲ್ಲಿ ಹಿಡಿದು, ತುದಿಯನ್ನು ಬ್ಲಾಕಿನಿಂದ 6 ಮಿ.ಮೀ. ದೂರದಲ್ಲಿಡಿ. ಕಾರ್ಬ್ಯುರೇಟರ್, ಪೆಟ್ರೋಲ್ ಪಂಪಿನ ಹತ್ತಿರ ಮಾತ್ರ ಬೇಡ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ದಪ್ಪ ನೀಲಿ ಕಿಡಿ ಚಟಚಟ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ (ಪಾಯಿಂಟಿನ ನಡುವೆ ಕಿಡಿ ಹಾರದಂತೆ ತಡೆಯುವ ಪುಟ್ಟ ಡಬ್ಬಿ) ಮೂರೂ ಬಚಾವ್. ಆಗ ರೋಟರ್ (ಕ್ಯಾಪಿನೊಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು), ಕ್ಯಾಪ್ ನೋಡಿ. ಅವೂ ಸರಿಯಿದ್ದು, ಪಂಪಿಗೆ ಒದ್ದೆ ಬಟ್ಟೆ ಸುತ್ತಿದ ಮೇಲೆ ಸ್ಟಾರ್ಟ್ ಆದರೆ ಅದು ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಆವಿಯಾಗಿ ಹರಿವು ಕಟ್ಟುವುದು), ಇಗ್ನಿಷನ್ ಅಲ್ಲವೇ ಅಲ್ಲ.

ಕಿಡಿ ಇಲ್ಲದಿದ್ದರೆ 12 ವೋಲ್ಟ್ ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ, ಒಂದು ತುದಿ ಬಾಡಿಗೆ. ಕೀ ಆನ್ ಇದ್ದಾಗ ಕಾಯಿಲಿನ ಸ್ವಿಚ್ ಕಡೆಯ ಎಸ್‌ಡಬ್ಲ್ಯು ಟರ್ಮಿನಲ್‌ನಲ್ಲಿ ಉರಿಯಲೇಬೇಕು. ಇಲ್ಲವಾದರೆ ಸ್ವಿಚ್ ಅಥವಾ ವೈರಿಂಗ್. ಪಾಯಿಂಟ್ ಕಡೆಯ ಸಿಬಿ ಟರ್ಮಿನಲ್‌ನಲ್ಲಿ ಸೆಲ್ಫ್ ಹೊಡೆದಾಗ ಮಿನುಗಬೇಕು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟಿಗೆ ಅರ್ಥ್ ಸಿಗುತ್ತಿಲ್ಲ. ಉರಿಯದೇ ಇದ್ದರೆ ಸಿಬಿಯಿಂದ ಡಿಸ್ಟ್ರಿಬ್ಯೂಟರ್ ವೈರ್ ಬಿಚ್ಚಿ ಟರ್ಮಿನಲ್‌ಗೆ ಮತ್ತೆ ಲ್ಯಾಂಪ್ ಹಿಡಿಯಿರಿ. ಈಗ ಉರಿದರೆ ಶಾರ್ಟ್ ಡಿಸ್ಟ್ರಿಬ್ಯೂಟರ್ ಒಳಗಿದೆ, ಆಗಲೂ ಉರಿಯದಿದ್ದರೆ ಕಾಯಿಲಿನ ಪ್ರೈಮರಿ (ಒಳಗಿನ 12 ವೋಲ್ಟ್ ಸುತ್ತು) ಕಟ್ಟಾಗಿದೆ.

ಕಿಡಿಗಣ್ಣು: ಲ್ಯಾಂಪ್ ಮಿನುಗಿಯೂ ಕಿಡಿ ಹಳದಿಯಾಗಿ ಸಣಕಲಾಗಿದ್ದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಶಾಖಕ್ಕೆ ಒಳಗಿನ ಇನ್ಸುಲೇಶನ್ ಸೋರುತ್ತೆ, ಆರಿದ ಮೇಲೆ ಮತ್ತೆ ಹಿಡಿಯುತ್ತೆ. ಕ್ಯಾಪ್ ತೆಗೆದು ಸೆಲ್ಫ್ ಹೊಡೆದಾಗ ಪಾಯಿಂಟಿನ ನಡುವೆಯೇ ದೊಡ್ಡ ಕಿಡಿ ಕಂಡರೆ ಅನುಮಾನ ಗಟ್ಟಿ. ಹಳೆಯದನ್ನು ಬಿಚ್ಚಿ, 0.2 ಮೈಕ್ರೋಫ್ಯಾರಡ್ ಆಸುಪಾಸಿನ ಇನ್ನೊಂದನ್ನು ಹಾಕಿ ನೋಡಿ. ಡಬ್ಬಿಯಿಂದ ತೆಗೆದ ಹೊಸದಕ್ಕಿಂತ, ಓಡುತ್ತಿರುವ ಗಾಡಿಯಿಂದ ಬಿಚ್ಚಿದ್ದನ್ನು ಹೆಚ್ಚು ನಂಬಬಹುದು.

ರೋಟರ್ ಪರೀಕ್ಷೆಗೆ ಅದೇ ಕಾಯಿಲ್ ವೈರನ್ನು ರೋಟರಿನ ಲೋಹದ ಪಟ್ಟಿಯ ಹತ್ತಿರ ಹಿಡಿದು ಸೆಲ್ಫ್ ಹೊಡೆಯಿರಿ. ಮತ್ತೆ ಮತ್ತೆ ಕಿಡಿ ಹಾರಿದರೆ ರೋಟರ್ ಶಾಫ್ಟಿಗೆ ಸೋರುತ್ತಿದೆ, ಎಸೆಯಿರಿ.

ಹಳೇಗಾಡಿ: ಪಾಯಿಂಟ್ ಹೊಸದಲ್ವಾ, ಅದನ್ನು ಬಿಟ್ಟುಬಿಡಬಹುದಾ?

ಸ್ಪ್ಯಾನರ್ ಮೂರ್ತಿ: ಬೇಡ, ಹೊಸದರಲ್ಲೇ ಜಾಸ್ತಿ ತೊಂದರೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಕ್ಯಾಮಿಗೆ ಉಜ್ಜುವ ಪಾಯಿಂಟಿನ ಹೀಲ್ ಸವೆದು ಗ್ಯಾಪ್ ಮುಚ್ಚುತ್ತಾ ಹೋಗುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ. ಕ್ಯಾಮಿಗೆ ಚೂರೇ ಚೂರು ಗ್ರೀಸ್ ಸವರಿ. ಹೀಲ್ ಕ್ಯಾಮಿನ ಏರಿನ ತುದಿಯಲ್ಲಿದ್ದಾಗ ಫೀಲರ್ ಗೇಜಿನಲ್ಲಿ 0.35ರಿಂದ 0.40 ಮಿ.ಮೀ. ಇಡಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬೇಸ್ ಪ್ಲೇಟಿನ ಪುಟ್ಟ ಅರ್ಥ್ ವೈರನ್ನೂ ಎಳೆದು ನೋಡಿ. ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟನ್ನು ಅಲ್ಲಾಡಿಸಿ ಅಲ್ಲಾಡಿಸಿ ಅದರ ಎಳೆಗಳು ಬಟ್ಟೆಯ ಹೊದಿಕೆಯೊಳಗೇ ತುಂಡಾಗಿರುತ್ತವೆ, ಹೊರಗೆ ಕಾಣೋದಿಲ್ಲ. ಇಷ್ಟೆಲ್ಲಾ ನೋಡುವಾಗ ಪಾಯಿಂಟ್ ಮುಚ್ಚಿಕೊಂಡಿದ್ದು ಕೀ ಆನ್ ಇದ್ದರೆ ಕಾಯಿಲ್ ಸುಡುತ್ತೆ. ಅಳೆಯೋದಾದರೆ ಕಾಯಿಲ್ ಬಿಸಿ ಇದ್ದಾಗಲೇ ಎರಡೂ ಟರ್ಮಿನಲ್ ವೈರ್ ಬಿಚ್ಚಿ ಅಳೆಯಿರಿ: ಬ್ಯಾಲಸ್ಟ್ (ಕಾಯಿಲಿನ ಜೊತೆ ಸರಣಿಯಲ್ಲಿ ಹಾಕುವ ರೆಸಿಸ್ಟರ್) ಇಲ್ಲದ ಕಾಯಿಲಿನ ಪ್ರೈಮರಿ ಸುಮಾರು 3 ಓಮ್ ಬರಬೇಕು.