ಮೆಣಸಿನ ಗಿಡ ಚೆನ್ನಾಗಿ ಬಂದಿದ್ದು ಜೀವಾಮೃತದಿಂದಲಾ, ಬಿಸಿಲಿನಿಂದಲಾ?

ತಾರಸಿತೋಟ: ಎಲ್ಲರಿಗೂ ನಮಸ್ಕಾರ. ತಾರಸಿಯಲ್ಲಿ 12 ಕುಂಡದಲ್ಲಿ ಮೆಣಸಿನ ಸಸಿ ನೆಟ್ಟಿದ್ದೇನೆ. 6 ಕುಂಡಕ್ಕೆ ವಾರಕ್ಕೊಮ್ಮೆ ಜೀವಾಮೃತವನ್ನು (ಸಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸಿದ ದ್ರವ ಗೊಬ್ಬರ) ನೀರಿಗೆ ಬೆರೆಸಿ ಹಾಕುತ್ತೇನೆ, ಉಳಿದ 6ಕ್ಕೆ ಇಲ್ಲ. ಜೀವಾಮೃತದವು ಪೂರ್ವದ ಗೋಡೆ ಪಕ್ಕ ಇವೆ, ಉಳಿದವು ನೀರಿನ ಟ್ಯಾಂಕ್ ಪಕ್ಕ. ಗೋಡೆ ಪಕ್ಕದವುಗಳಲ್ಲಿ ಕಾಯಿ ಜಾಸ್ತಿ. ಪಕ್ಕದ ಮನೆಯವರು "ಅದು ಬಿಸಿಲಿನ ಗುಣ" ಅಂತಾರೆ. ಹೇಗೆ ತೀರ್ಮಾನ ಮಾಡೋದು?

ಮಣ್ಣುಹುಳು: ಈಗ ಇಟ್ಟಿರುವ ರೀತಿಯಲ್ಲಿ ತೀರ್ಮಾನ ಆಗಲ್ಲ ಸರ್. ಬಿಸಿಲೂ ಜೀವಾಮೃತವೂ ಒಂದೇ ಸಾಲಿಗೆ ಸಿಕ್ಕಿವೆ. ಇನ್ನೊಂದು ವಿಷಯ, ಜೀವಾಮೃತ ಹಾಕುವ ದಿನ ಟ್ಯಾಂಕ್ ಪಕ್ಕದ ಕುಂಡಗಳಿಗೂ ಅಷ್ಟೇ ನೀರು ಹಾಕ್ತೀರಾ?

ತಾರಸಿತೋಟ: ಇಲ್ಲ, ದಿನದ ನೀರು ಮಾತ್ರ ಎರಡಕ್ಕೂ ಸಮ.

ಮಣ್ಣುಹುಳು: ಹಾಗಾದರೆ ಕಾರಣ ನೀರೂ ಇರಬಹುದು. ಮುಂದಿನ ಸಲ ಜೀವಾಮೃತ ಹಾಕದ ಕುಂಡಕ್ಕೆ ಅವತ್ತು ಅಷ್ಟೇ ಅಳತೆಯ ಬರೀ ನೀರು ಹಾಕಿ. ಒಂದೇ ಎತ್ತರದ ಎರಡೆರಡು ಸಸಿ ಆರಿಸಿ, ಪಕ್ಕಪಕ್ಕ ಇಟ್ಟು ಜೋಡಿ ಮಾಡಿ. ಬಿಸಿಲಿನಲ್ಲೂ ಜೋಡಿ ಇರಲಿ, ನೆರಳಿನಲ್ಲೂ ಇರಲಿ. ಜೋಡಿಯಲ್ಲಿ ಯಾವುದಕ್ಕೆ ಜೀವಾಮೃತ ಅನ್ನೋದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ನಾವೇ ಆರಿಸಿದರೆ ಕೈ ತಾನಾಗಿ ಗಟ್ಟಿ ಸಸಿಯ ಕಡೆಗೇ ಹೋಗುತ್ತೆ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಪಟ್ಟು ಹಿಡಿದಿದ್ದೂ ಇದಕ್ಕೇ. ಒಂದೇ ಹೊಲದಲ್ಲೂ ಮಣ್ಣು ಎಲ್ಲ ಕಡೆ ಒಂದೇ ಥರ ಇರಲ್ಲ. ಹಾಗಾಗಿ ಯಾವ ತುಂಡಿಗೆ ಯಾವ ಗೊಬ್ಬರ ಅನ್ನೋದು ಚೀಟಿ ಎತ್ತಿದ ಹಾಗೆ ಬರಬೇಕು.

ಲೆಕ್ಕದಮೇಡಂ: ಅಳತೆ ಬಗ್ಗೆಯೂ ಹೇಳ್ತೀನಿ. ಎಲೆಯ ಬಣ್ಣ ನೋಡಿ ತೀರ್ಮಾನ ಬೇಡ. ಇಂತಿಷ್ಟು ವಾರದ ಒಟ್ಟು ಕಾಯಿ ತೂಕ ಅಂತ ಮೊದಲೇ ಬರೆದಿಡಿ. ಕುಂಡಕ್ಕೆ ಬರೀ ನಂಬರ್ ಅಂಟಿಸಿ. ಯಾವುದಕ್ಕೆ ಏನು ಹಾಕಿದ್ದೀರಿ ಅಂತ ಗೊತ್ತಿಲ್ಲದವರು ಕಾಯಿ ಕಿತ್ತು ತೂಗಲಿ. ಒಂದು ಗಿಡದಲ್ಲಿ 40 ಕಾಯಿ ಬಿಟ್ಟರೆ ಅದು 40 ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ಜೀವಾಮೃತ ಹಾಕಿದ್ದು ಕುಂಡಕ್ಕೆ ಅಲ್ವಾ?

ನಿಮ್ಮ ಹತ್ತಿರ 6 ಜೋಡಿ ಆಗುತ್ತೆ. ಜೀವಾಮೃತದಿಂದ ಏನೂ ಆಗಲ್ಲ ಅಂತಲೇ ಇಟ್ಟುಕೊಳ್ಳಿ. ಆಗಲೂ ಸುಮ್ನೆ ಅದೃಷ್ಟದಿಂದ ಆರೂ ಜೋಡಿಯಲ್ಲಿ ಅದೇ ಗೆಲ್ಲುವ ಸಾಧ್ಯತೆ 64ರಲ್ಲಿ 1 ಇದೆ. ಐದು ಅಥವಾ ಆರರಲ್ಲಿ ಗೆಲ್ಲುವ ಸಾಧ್ಯತೆ 64ರಲ್ಲಿ 7, ಅಂದರೆ ಸುಮಾರು 11%. ಹಾಗಾಗಿ 5-1 ಬಂದರೆ ಅಷ್ಟಕ್ಕೇ ನಂಬಬೇಡಿ. ಮುಂದಿನ ಹಂಗಾಮಿಗೆ ಜಾಸ್ತಿ ಜೋಡಿ ಇಟ್ಟು ಹೊಸದಾಗಿ ಮಾಡಿ.

ತಾರಸಿತೋಟ: ತುಂಬಾ ಧನ್ಯವಾದ. ಮಧ್ಯೆ ಎಲೆ ಮುದುಡುವ ಮುಟುರು ರೋಗ ಬಂದು ಒಂದು ಗಿಡ ಹೋದರೆ?

ಲೆಕ್ಕದಮೇಡಂ: ತೂಕದ ಲೆಕ್ಕದಿಂದ ಆ ಜೋಡಿಯನ್ನೇ ಬಿಡಿ, ಆದರೆ ಯಾವ ಗಿಡ, ಯಾವಾಗ, ಯಾಕೆ ಹೋಯಿತು ಅಂತ ಬರೆದಿಡಿ. ಜೀವಾಮೃತದ ಗಿಡಗಳೇ ಜಾಸ್ತಿ ಸಾಯ್ತಾ ಇದ್ದರೆ ಅದನ್ನು ಬಿಡೋ ಹಾಗಿಲ್ಲ, ಅದೂ ಫಲಿತಾಂಶವೇ.